ಹೊಟ್ಟೆ ಬಂದ ಗೋಡೆ

ಗೋಡೆಗೆ ಕಿವಿಯಿರುವುದು ಮೊದಲೇ ಗೊತ್ತಿತ್ತು.
ಹೊಟ್ಟೆಯೂ ಇರುವುದು
ಲ್ಯೂನೆಬುರ್ಗಿನ ಈ ಮನೆಗೆ ಬಂದಮೇಲೆ ತಿಳಿಯಿತು.

ತೊಲೆಯಿಂದ ತೂಗುಗುಂಡು ಇಳಿಬಿಟ್ಟೆ.
ಮೇಲೆ ದಾರಕ್ಕೂ ಗೋಡೆಗೂ ನಾಲ್ಕು ಬೆರಳು,
ಎದೆಮಟ್ಟದಲ್ಲಿ ಗೋಡೆಯೇ ಬಂದು ದಾರ ಮುಟ್ಟಿತು,
ಕೆಳಗೆ ಮತ್ತೆ ಗೇಣುದ್ದ ಹಿಂದೆ ಸರಿದಿತ್ತು.
ಮನೆಯೊಡೆಯ ಡಿರ್ಕ್ ಲ್ಯೂರ್ಸ್, ಪುಸ್ತಕಕ್ಕೆ ರಟ್ಟು ಕಟ್ಟುವವನು,
ಅಂಟಿನ ಕೈ ಒರೆಸಿಕೊಳ್ಳುತ್ತ
"ಬಸಿರು ಅನ್ನುತ್ತಾರೆ ನಮ್ಮೂರಲ್ಲಿ,
ಹೆರಿಗೆಯೊಂದು ಆಗದಿದ್ದರೆ ಸಾಕು" ಎಂದ.

ತಪ್ಪು ಗಾರೆಯದು. ಜಿಪ್ಸಮ್ಮನ್ನು
ಹದ ಮೀರಿ ಸುಟ್ಟರಂತೆ ಹಳಬರು;
ಸತ್ತಿತೆಂದುಕೊಂಡದ್ದು
ಗಾಳಿಯ ತೇವ ಕುಡಿಕುಡಿದು
ನೂರಾರು ವರ್ಷ ಸಾವಕಾಶ ಉಬ್ಬಿತು.

ಸಂಜೆ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತೆ.
ಗೋಡೆಯ ಗುಂಡಿ ಒತ್ತಿ ಗೆರೆ ಎಳೆದರೆ
ಎದ್ದು ನಿಂತಿತು, ಕವಾಯತಿನ ಪೊಲೀಸಪ್ಪನ ಹಾಗೆ.
ದಪ್ಪ ಎಷ್ಟು? ಒಂದೇ ಹೇಳು.
ಎತ್ತರ ಎಷ್ಟು? ಒಂದೇ.
ವಾಲಿಸಬೇಕೆ? ಆಗಲಿ, ಕೋನ ಹೇಳು.
ಯಾವ ಕೋನ ಹೇಳಲಿ?
ಕಿಟಕಿಯ ಪಕ್ಕ ಮೂರು ಡಿಗ್ರಿ ಒಳಗೆ,
ಒಲೆಯ ಬಳಿ ಎರಡು ಹೊರಗೆ,
ನಡುವೆ ಯಾರೋ ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ.

ಸ್ಕ್ಯಾನರ್ ತಂದ ನಲವತ್ತು ಲಕ್ಷ ಚುಕ್ಕಿಗಳಿದ್ದವು.
ಚುಕ್ಕಿಗೆ ಚುಕ್ಕಿ ಸೇರಿಸಿ ಬಲೆ ನೆಯ್ದೆ.
ಉಬ್ಬು ಬಂತು, ತಗ್ಗು ಬಂತು, ಥೇಟ್ ಅದೇ ಗೋಡೆ.
ಕಿಟಕಿ ಕೂರಿಸಲು ಹೋದರೆ
ಕೂರಿಸಿಕೊಳ್ಳಲಿಲ್ಲ.
ಇದು ಗೋಡೆಯಲ್ಲ ಎಂದಿತು ಯಂತ್ರ,
ಗೋಡೆಯಲ್ಲದ್ದಕ್ಕೆ ಕಿಟಕಿ ಎಲ್ಲಿಯದು?
ನೆಟ್ಟಗಿದ್ದರೆ ಗೋಡೆ;
ಇದ್ದ ಹಾಗೇ ಇದ್ದರೆ
ಬರಿಯ ವಸ್ತು.

ರಾತ್ರಿ ಹತ್ತರವರೆಗೆ ಕೂತು ಕೈಯಾರೆ ತೂತು ಕೊರೆದೆ,
ಚೌಕಟ್ಟು ತುರುಕಿದೆ.
ಟ್ಯಾರ್ಕ್ ಕೋಟು ಹಾಕಿಕೊಳ್ಳುತ್ತ ಇಣುಕಿದ:
"ನೇರ ಎಳೆದುಬಿಡು ವೀಬ್ಕೆ,
ನಕ್ಷೆಯನ್ನು ಯಾರು ಮುಟ್ಟಿ ನೋಡುತ್ತಾರೆ?"
ಅವನು ಹೇಳಿದ್ದು ಸುಳ್ಳಲ್ಲ.
ನಾನೂ ಎಳೆದಿದ್ದೇನೆ, ಎಷ್ಟೋ ಮನೆಗೆ.

ಕೋಣೆಯ ವಿಸ್ತೀರ್ಣ ಬೇರೆ ಬರೆಯಬೇಕು.
ನೆಲದಲ್ಲಿ ಹದಿನಾಲ್ಕು ಚದರ ಮೀಟರ್,
ಎದೆಮಟ್ಟದಲ್ಲಿ ಹದಿಮೂರೂವರೆ.
ಫೋನಿನಲ್ಲಿ ಲ್ಯೂರ್ಸ್ ನಕ್ಕ:
"ತೆರಿಗೆ ಯಾವುದಕ್ಕೆ ಕಡಿಮೆಯೋ ಅದು."

ಒಂದು ಕಡೆ ಮಾತ್ರ ಚುಕ್ಕಿಗಳಿರಲಿಲ್ಲ,
ಕಪ್ಪು ಖಾಲಿ, ಕಪಾಟಿನಷ್ಟೇ ಅಗಲ.
ಗುರುವಾರ ಮತ್ತೆ ಹೋದೆ. ಇಬ್ಬರೂ ಸೇರಿ ಎಳೆದೆವು
ಓಕ್ ಮರದ ಆ ಭಾರವನ್ನು.
ಹಿಂದೆ ಚರ್ಮದ ಚೂರು, ಒಣಗಿದ ಜೇಡ.
ಕಪಾಟಿನ ಬೆನ್ನು ನೋಡಿದೆ:
ಹಲಗೆ ಒಳಕ್ಕೆ ಬಾಗಿದೆ, ಉದ್ದಕ್ಕೂ ಉಳಿಯ ಕಚ್ಚು,
ಗೋಡೆಯ ಹೊಟ್ಟೆಗೆಂದೇ ಕೆತ್ತಿದ ಮಡಿಲು.
ಮೂಲೆಯಲ್ಲಿ ಪೆನ್ಸಿಲಿನ ಬರಹ: ಹೆರ್ಮಿನ, ೧೯೫೮.
"ನಮ್ಮ ಸೋದರತ್ತೆ" ಎಂದ,
"ಬಡಗಿಯ ಕೈಕೆಳಗೆ ಎರಡು ವರ್ಷ ಇದ್ದಳು ಅಷ್ಟೆ."

ಯಾವ ಗುಂಡಿ ಒತ್ತಿದ್ದಳೋ.

ಆ ಬೆನ್ನನ್ನೂ ಸ್ಕ್ಯಾನ್ ಮಾಡಿ ತಂದೆ.
ಪರದೆಯ ಮೇಲೆ ಹಲಗೆಯನ್ನು ಗೋಡೆಗೆ ಆನಿಸಿದೆ.
ಮೇಲ್ತುದಿಯಲ್ಲಿ ಕೂದಲೆಳೆ ತೂರದ ಹಾಗೆ ಕೂತದ್ದು
ನಡುವಿನಲ್ಲಿ ಕೂರಲಿಲ್ಲ.
ಗೋಡೆ ಹಲಗೆಯೊಳಗೆ ನುಗ್ಗಿತ್ತು
ಒಂಬತ್ತು ಮಿಲಿಮೀಟರ್.
ಲೆಕ್ಕ ತಪ್ಪಿತೆಂದು ಮತ್ತೆ ಆನಿಸಿದೆ.
ಒಂಬತ್ತೇ.

ಗೋಡೆಯ ಹೆಸರಿನ ಮುಂದೆ ನಾವು ತಾರೀಖು ಹಾಕುವುದಿಲ್ಲ,
ಗೋಡೆ ಎಂದಮೇಲೆ ಇದ್ದಲ್ಲೇ ಇರುತ್ತದೆ.
ಈ ಸಲ ಹಾಕಿದೆ.

ಲ್ಯೂರ್ಸ್ ಕಾಗದ ನೋಡಿ
ಹೆಬ್ಬೆರಳು ತೋರುಬೆರಳ ನಡುವೆ ಅಷ್ಟು ಗಾಳಿ ಹಿಡಿದು
"ನೂರೆಂಬತ್ತು ಪುಟ" ಎಂದ.
ಆಮೇಲೆ ಒಳಗಿನ ಕಡೆ ತಿರುಗಿ ಕೂಗಿದ:
"ಎಲ್ಕೆ, ನೀನು ಹೇಳಿದ್ದು ಸರಿಯಂತೆ,
ಕಪಾಟು ಮುಂದಕ್ಕೆ ಬರುತ್ತಾ ಇದೆಯಂತೆ."

ಅಡುಗೆಮನೆಯಿಂದ ಪಾತ್ರೆಯ ಸದ್ದು ನಿಲ್ಲಲಿಲ್ಲ.
"ಗೊತ್ತು" ಎಂದಳು.
"ಗುಡಿಸುವವಳು ನಾನಲ್ಲವೆ?"